ತಂದೆತಾಯಿ ಮೈಸೂರಿನಲ್ಲಿ, ಮಗ ನ್ಯೂಜೆರ್ಸಿಯಲ್ಲಿ: ಫಾಫ್ಸಾ ಅರ್ಜಿಯಲ್ಲಿ ‘ಸ್ವತಂತ್ರ ವಿದ್ಯಾರ್ಥಿ’ ಎಂದು ಬರೆಯಬಹುದೇ?

ಎಡಿಸನ್ ದೊಡ್ಡಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಹುಟ್ಟಿದ್ದು ಇಲ್ಲಿಯೇ, ಹಾಗಾಗಿ ಅವನು ಅಮೆರಿಕದ ಪ್ರಜೆ. ಅವನು ಚಿಕ್ಕವನಿರುವಾಗಲೇ ತಂಗಿಯ ಸಂಸಾರ ಮೈಸೂರಿಗೆ ವಾಪಸಾಯಿತು. ಅಲ್ಲಿ ಪಿಯುಸಿ ಮುಗಿಸಿ ಈಗ ನಮ್ಮ ಮನೆಯಲ್ಲಿದ್ದಾನೆ, 2026ರ ಫಾಲ್ ಸೆಮಿಸ್ಟರಿಗೆ ಇಲ್ಲಿಯ ಒಂದು ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ವಾರಾಂತ್ಯದಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡಿ ತನ್ನ ಕೈಖರ್ಚನ್ನು ತಾನೇ ನೋಡಿಕೊಳ್ಳುತ್ತಾನೆ. ಊಟ, ವಸತಿ ನಮ್ಮದು. ತಂದೆತಾಯಿಯ ಸಂಬಳ ರೂಪಾಯಿಯಲ್ಲಿ ಬರುವುದರಿಂದ ಇಲ್ಲಿಯ ಫೀಸನ್ನು ಅವರು ಭರಿಸುವ ಮಾತೇ ಇಲ್ಲ.

ಕಾಲೇಜು ಓದಿಗೆ ಫೆಡರಲ್ ಸರ್ಕಾರದ ನೆರವು ಕೇಳುವ ಫಾಫ್ಸಾ ಅರ್ಜಿ ತುಂಬಲು ಕುಳಿತಾಗ ಮೊದಲು ಎದುರಾದದ್ದೇ ಈ ಪ್ರಶ್ನೆ: ಅವನು ತಂದೆತಾಯಿಯ ಆದಾಯವನ್ನೂ ತೋರಿಸಬೇಕಾದ ‘ಅವಲಂಬಿತ’ ವಿದ್ಯಾರ್ಥಿಯೋ, ಅದು ಬೇಡದ ‘ಸ್ವತಂತ್ರ’ ವಿದ್ಯಾರ್ಥಿಯೋ? ತಂದೆತಾಯಿ ಬೇರೆ ದೇಶದಲ್ಲಿದ್ದು, ಅವನು ತಾನೇ ದುಡಿಯುತ್ತಿರುವಾಗ ಸ್ವತಂತ್ರ ಎಂದು ಬರೆಯಬಹುದಲ್ಲವೇ? ಎರಡು ವರ್ಷ ತಂದೆತಾಯಿಯ ತೆರಿಗೆ ಲೆಕ್ಕದಲ್ಲಿ ಹೆಸರಿಲ್ಲದಿದ್ದರೆ ಸ್ವತಂತ್ರ ಎಂದೇ ಲೆಕ್ಕ ಎಂದು ಪರಿಚಯದವರೊಬ್ಬರು ಹೇಳಿದರು. ಇನ್ನೊಬ್ಬರು, ಅವನಿಗೆ 18 ತುಂಬಲು ಇನ್ನೂ ಕೆಲವು ತಿಂಗಳು ಇರುವುದರಿಂದ ಅಷ್ಟರೊಳಗೆ ಕೋರ್ಟಿನ ಮೂಲಕ ನಾವೇ ಅವನ ಗಾರ್ಡಿಯನ್ (ಕಾನೂನುಬದ್ಧ ಪೋಷಕರು) ಆಗಿಬಿಟ್ಟರೆ ತಂದೆತಾಯಿಯ ಆದಾಯ ಕೇಳುವುದೇ ಇಲ್ಲ ಎಂದರು. ನಮಗೆ ಅಡ್ಡದಾರಿ ಹಿಡಿಯುವ ಮನಸ್ಸಿಲ್ಲ, ಆದರೆ ಮಗುವಿಗೆ ನ್ಯಾಯವಾಗಿ ಸಿಗಬೇಕಾದದ್ದು ತಪ್ಪಿಹೋಗಲೂಬಾರದು. ಬಲ್ಲವರು ದಯವಿಟ್ಟು ತಿಳಿಸಿ.

ಕೊಲಂಬಸ್ ಕನ್ನಡಿಗ

ಅಕ್ಕಾ, ನಮಸ್ಕಾರ. ನಾನು ಒಹಾಯೊದ ಒಂದು ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನಮ್ಮ ಮುಂದೆ ಪ್ರತಿ ವರ್ಷ ಬರುತ್ತದೆ, ಪ್ರತಿ ಸಲವೂ ಕೇಳಿದವರಿಗೆ ನಮ್ಮ ಉತ್ತರ ವಿಚಿತ್ರವೆನಿಸುತ್ತದೆ. ಹಾಗೆನಿಸಲು ಕಾರಣವಿದೆ. ನಾವು ಮಾತಿನಲ್ಲಿ ಸ್ವತಂತ್ರ ಎಂದರೆ ಸ್ವಂತ ಕಾಲ ಮೇಲೆ ನಿಂತವನು ಎಂದು ತಿಳಿಯುತ್ತೇವೆ, ಫಾಫ್ಸಾಗೆ ಅದು ಲೆಕ್ಕಕ್ಕೇ ಬಾರದು. ಎಷ್ಟು ದುಡಿಯುತ್ತಾನೆ, ಯಾರ ಮನೆಯಲ್ಲಿದ್ದಾನೆ, ಬಾಡಿಗೆ ಯಾರು ಕಟ್ಟುತ್ತಾರೆ, ಯಾರ ತೆರಿಗೆ ಲೆಕ್ಕದಲ್ಲಿ ಹೆಸರಿದೆ, ಇವು ಯಾವುವೂ ಅವನನ್ನು ಸ್ವತಂತ್ರನನ್ನಾಗಿ ಮಾಡುವುದಿಲ್ಲ.

ಕಾನೂನು ಕೇಳುವುದು ಬೇರೆಯೇ ಸಂಗತಿಗಳನ್ನು. 2026–27ರ ಅರ್ಜಿಗೆ 2003ರ ಜನವರಿ 1ಕ್ಕಿಂತ ಮೊದಲು ಹುಟ್ಟಿದವರು, ಅಂದರೆ 2026ರ ಡಿಸೆಂಬರ್ ಕೊನೆಗೆ 24 ತುಂಬುವವರು, ಬೇರೇನನ್ನೂ ತೋರಿಸದೆ ಸ್ವತಂತ್ರರು. ಅರ್ಜಿ ಸಲ್ಲಿಸುವ ದಿನ ಮದುವೆಯಾಗಿದ್ದು ಗಂಡ-ಹೆಂಡತಿ ಬೇರೆಯಾಗಿರದಿದ್ದರೆ ಸ್ವತಂತ್ರರು, ನಿಶ್ಚಿತಾರ್ಥ ಸಾಲದು. ಮಾಸ್ಟರ್ಸ್ ಅಥವಾ ಪಿಎಚ್‌ಡಿ ಓದಲು ಹೋಗುವವರು ಸ್ವತಂತ್ರರು. ಸೈನ್ಯದಲ್ಲಿ ತರಬೇತಿಗಲ್ಲದೆ ಸಕ್ರಿಯ ಸೇವೆಯಲ್ಲಿರುವವರು, ಮಾಜಿ ಸೈನಿಕರು, ಅರ್ಧಕ್ಕಿಂತ ಹೆಚ್ಚು ಖರ್ಚನ್ನು ತಾವೇ ಕೊಟ್ಟು ಮಗುವನ್ನೋ ಬೇರೆ ಅವಲಂಬಿತರನ್ನೋ ಜೊತೆಯಲ್ಲಿಟ್ಟುಕೊಂಡು ಸಾಕುತ್ತಿರುವವರು ಕೂಡ ಸ್ವತಂತ್ರರೇ. 13 ವರ್ಷ ತುಂಬಿದ ಮೇಲೆ ಯಾವಾಗಲಾದರೂ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಸ್ಥಿತಿಯಲ್ಲಿದ್ದವರು, ಫಾಸ್ಟರ್ ಕೇರ್‌ನಲ್ಲಿ (ಸರ್ಕಾರ ಗೊತ್ತುಮಾಡಿದ ಸಾಕುಮನೆಯಲ್ಲಿ) ಅಥವಾ ಕೋರ್ಟಿನ ಪೋಷಣೆಯಲ್ಲಿದ್ದವರು, ತಮ್ಮ ರಾಜ್ಯದ ಕೋರ್ಟಿನಿಂದ ಎಮಾನ್ಸಿಪೇಷನ್ (18 ತುಂಬುವ ಮೊದಲೇ ತಂದೆತಾಯಿಯ ಅಧೀನದಿಂದ ಬಿಡುಗಡೆ) ಅಥವಾ ಗಾರ್ಡಿಯನ್‌ಶಿಪ್ ಆದೇಶವಿರುವವರು, ಮನೆಯಿಲ್ಲದೆ ಒಂಟಿಯಾಗಿರುವ ಅಥವಾ ಆ ಅಂಚಿನಲ್ಲಿರುವ ಹುಡುಗ ಹುಡುಗಿಯರು, ಇವರಿಗೂ ಬಾಗಿಲು ತೆರೆದಿದೆ. ನಿಮ್ಮ ಹುಡುಗ ಈ ಯಾವ ಸಾಲಿಗೂ ಸೇರುವುದಿಲ್ಲ. ಈಗಿನ ಸ್ಥಿತಿಯಲ್ಲಿ ಅವನು ಅವಲಂಬಿತ ವಿದ್ಯಾರ್ಥಿ.

ಎರಡು ವರ್ಷದ ತೆರಿಗೆಯ ಮಾತು ಪೂರ್ತಿ ಕಟ್ಟುಕಥೆಯಲ್ಲ, ಹಳತಾದ ಕಾನೂನು. 1986ರ ತಿದ್ದುಪಡಿಯಲ್ಲಿ 24ರ ವಯೋಮಿತಿ ಬಂದಾಗ, ಅದಕ್ಕಿಂತ ಚಿಕ್ಕವರಿಗೂ ಒಂದು ಅವಕಾಶವಿತ್ತು: ತಂದೆತಾಯಿ ಎರಡು ವರ್ಷ ತೆರಿಗೆಯಲ್ಲಿ ಹೆಸರು ತೋರಿಸಿರಬಾರದು, ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರಿನಷ್ಟು ಸ್ವಂತ ಆದಾಯವಿರಬೇಕು. 1992ರಲ್ಲಿ ಅದನ್ನು ತೆಗೆದುಹಾಕಿದರು. ಮೂವತ್ತು ವರ್ಷ ದಾಟಿದರೂ ಆ ಸಲಹೆ ಬಾಯಿಂದ ಬಾಯಿಗೆ ಹರಿಯುತ್ತಲೇ ಇದೆ, ಇದರಿಂದ ತಪ್ಪು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಳೆದುಕೊಂಡ ಮಕ್ಕಳನ್ನು ಕಂಡಿದ್ದೇನೆ.

ನೇಪರ್‌ವಿಲ್ ನಿವಾಸಿ

ಗಾರ್ಡಿಯನ್‌ಶಿಪ್ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ, ಏಕೆಂದರೆ ನಾವಿರುವ ಶಿಕಾಗೊ ಸುತ್ತಮುತ್ತಲಿನ ಊರುಗಳಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. 2019ರ ಜುಲೈನಲ್ಲಿ ಪ್ರೊಪಬ್ಲಿಕಾ ಇಲಿನಾಯ್ ಮತ್ತು ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ಹೊರಗೆಳೆದವು. ಅನುಕೂಲಸ್ಥ ತಂದೆತಾಯಿಗಳು ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ಮಕ್ಕಳ ಗಾರ್ಡಿಯನ್‌ಶಿಪ್ಪನ್ನು ನೆಂಟರಿಗೋ ಸ್ನೇಹಿತರಿಗೋ ಕೋರ್ಟಿನ ಮೂಲಕ ಬಿಟ್ಟುಕೊಟ್ಟು, ಮಕ್ಕಳನ್ನು ಸ್ವತಂತ್ರರೆಂದು ತೋರಿಸಿ, ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗಾಗಿ ಇರುವ ಫೆಡರಲ್ ನೆರವಾದ ಪೆಲ್ ಗ್ರಾಂಟನ್ನೂ ರಾಜ್ಯದ ನೆರವನ್ನೂ ಪಡೆಯುತ್ತಿದ್ದರು. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯವೊಂದೇ ಅಂಥ 14 ಅರ್ಜಿದಾರರನ್ನು ಗುರುತಿಸಿತ್ತು. ಮಗು ಬದುಕುತ್ತಿದ್ದ ಮನೆ ಬದಲಾಗಿರಲಿಲ್ಲ, ಕಾಗದ ಮಾತ್ರ ಬದಲಾಗಿತ್ತು.

ಇಲಿನಾಯ್ ರಾಜ್ಯದ ಮ್ಯಾಪ್ ಗ್ರಾಂಟಿನ ಹಣಕ್ಕೆ ಮಿತಿಯಿದೆ, ಬೇಗ ಅರ್ಜಿ ಹಾಕಿದವರಿಗೆ ಕೊಟ್ಟು ಹಣ ಮುಗಿದ ಮೇಲೆ ಉಳಿದ ಅರ್ಹರು ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಅಂದಮೇಲೆ ಹೀಗೆ ಪಡೆದ ಒಂದೊಂದು ಡಾಲರನ್ನೂ ಮತ್ತೊಬ್ಬ ಬಡ ವಿದ್ಯಾರ್ಥಿಯ ಕೈಯಿಂದ ಕಸಿದಂತೆಯೇ. ನಿಮ್ಮ ಹುಡುಗ ನಿಜವಾಗಿಯೂ ನಿಮ್ಮ ಮನೆಯಲ್ಲೇ ಇರುವುದರಿಂದ ನಿಮ್ಮ ಸಂಗತಿ ಅವರದ್ದರಂತಲ್ಲ, ಒಪ್ಪುತ್ತೇನೆ. ಆದರೂ ಫೈನಾನ್ಶಿಯಲ್ ಏಡ್ ಸಲುವಾಗಿಯೇ ಕೋರ್ಟಿಗೆ ಹೋದರೆ ಕಾಲೇಜಿನವರು ಪ್ರಶ್ನೆ ಕೇಳದೆ ಇರಲಾರರು. ಫಾಫ್ಸಾದ ಸಹಿಯ ಜಾಗದಲ್ಲೇ ಬರೆದಿರುವಂತೆ, ಬೇಕೆಂದು ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟರೆ 20,000 ಡಾಲರಿನವರೆಗೆ ದಂಡ, ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಕೊಲಂಬಸ್ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ. ಅದಕ್ಕಿಂತ ಮುಖ್ಯವಾಗಿ, ಅಕ್ಕಾ, ನಿಮ್ಮ ಹುಡುಗನಿಗೆ ಸ್ವತಂತ್ರನಾಗುವ ಅಗತ್ಯವೇ ಇಲ್ಲವೆಂದು ನನಗನಿಸುತ್ತದೆ. ತಂದೆತಾಯಿಯ ಆದಾಯ ತೋರಿಸಿದರೆ ನೆರವು ಕೈತಪ್ಪುತ್ತದೆ ಎಂಬ ಭಯ ಇಲ್ಲಿ ದೊಡ್ಡ ಸಂಬಳ ಪಡೆಯುವ ಕುಟುಂಬಗಳದ್ದು. ಮೈಸೂರಿನ ಸಂಬಳವನ್ನು ಡಾಲರಿಗೆ ಪರಿವರ್ತಿಸಿ ನೋಡಿ. ವರ್ಷಕ್ಕೆ 18 ಲಕ್ಷ ರೂಪಾಯಿ, ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 20,000 ಡಾಲರ್ ಆಯಿತು. ಅಲ್ಲಿ ಅದು ಮಧ್ಯಮವರ್ಗದ ಒಳ್ಳೆಯ ಸಂಬಳ, ಆದರೆ ನಾಲ್ಕು ಜನರ ಕುಟುಂಬಕ್ಕೆ ಅಮೆರಿಕ ಸರ್ಕಾರ ಇಟ್ಟುಕೊಂಡಿರುವ ಬಡತನದ ಗೆರೆಗಿಂತ ಕೆಳಗೆ ಬೀಳುತ್ತದೆ. ಅರ್ಜಿಯಲ್ಲಿನ ಆದಾಯ, ಆಸ್ತಿಗಳಿಂದ ಲೆಕ್ಕ ಹಾಕುವ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಸಂಖ್ಯೆ ಹೀಗೆ ತಗ್ಗಿದಾಗ ಪೆಲ್ ಗ್ರಾಂಟ್ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ. ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್, ಅದನ್ನು ಹಿಂದಿರುಗಿಸಬೇಕಾಗಿಲ್ಲ. ನೀವು ಮುಚ್ಚಿಡಲು ಹೊರಟ ಆದಾಯವೇ ಅವನಿಗೆ ನೆರವಾಗಬಹುದು.

ಹೇಮಾವತಿ

ನಾನು ಈ ಚರ್ಚೆಯನ್ನು ಓದುತ್ತಾ ಬಂದೆ, ನನ್ನ ಸ್ಥಿತಿ ಬೇರೆಯಾದರೂ ಇಲ್ಲಿಯೇ ಕೇಳಬಹುದೆಂದು ಬರೆಯುತ್ತಿದ್ದೇನೆ. ನನಗೆ 20 ವರ್ಷ, ಕಮ್ಯುನಿಟಿ ಕಾಲೇಜಿನಲ್ಲಿ ಎರಡನೆಯ ವರ್ಷ. ತಂದೆತಾಯಿ ಇದೇ ರಾಜ್ಯದಲ್ಲಿದ್ದಾರೆ, ಇಬ್ಬರಿಗೂ ಒಳ್ಳೆಯ ಉದ್ಯೋಗವಿದೆ. ಕಳೆದ ಬೇಸಿಗೆಯಲ್ಲಿ ಅವರು ನೋಡಿದ ಸಂಬಂಧವನ್ನು ನಾನು ಒಪ್ಪಲಿಲ್ಲ. ಆ ರಾತ್ರಿ ಮನೆಯಲ್ಲಿ ಏನಾಯಿತೆಂದು ಇಲ್ಲಿ ಬರೆಯುವ ಶಕ್ತಿ ನನಗಿಲ್ಲ, ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಅದೇ ಮೊದಲಲ್ಲ ಎಂದಷ್ಟೇ ಹೇಳಬಲ್ಲೆ. ಆ ರಾತ್ರಿಯಿಂದ ನಾನು ಗೆಳತಿಯ ಮನೆಯಲ್ಲಿದ್ದೇನೆ. ನನ್ನ ಫೋನ್ ನಂಬರನ್ನು ಮನೆಯ ಪ್ಲಾನಿನಿಂದ ತೆಗೆದುಹಾಕಿದರು. ಹೆಲ್ತ್ ಇನ್ಶೂರೆನ್ಸ್ ಕೂಡ ಈಗ ಕಾಲೇಜಿನದ್ದೇ. ಊರಿನಲ್ಲಿರುವ ಅಜ್ಜಿ ಮಾತ್ರ ಹಾಸನದಿಂದ ಫೋನ್ ಮಾಡುತ್ತಾರೆ.

ಫಾಫ್ಸಾದಲ್ಲಿ ಅಪ್ಪನ ಇಮೇಲ್ ಹಾಕಿ ಆಹ್ವಾನ ಕಳುಹಿಸಬೇಕು, ಅವರು ಲಾಗಿನ್ ಆಗಿ ಒಪ್ಪಿಗೆ ಕೊಡಬೇಕು ಎಂದಿದೆ. ಆ ಆಹ್ವಾನ ಹೋದರೆ ನಾನು ಎಲ್ಲಿ ಓದುತ್ತಿದ್ದೇನೆಂದು ಅವರಿಗೆ ತಿಳಿಯುತ್ತದೆ, ಅದಕ್ಕೆ ನನಗೆ ಭಯ. ಅರ್ಜಿಯ ಕೊನೆಯ ಭಾಗದಲ್ಲಿ ‘ತಂದೆತಾಯಿ ಮಾಹಿತಿ ಕೊಡಲು ಒಪ್ಪುತ್ತಿಲ್ಲ’ ಎಂಬ ಅರ್ಥದ ಒಂದು ಆಯ್ಕೆ ಕಂಡಿತು. ಅದನ್ನು ಒತ್ತಿ ಮುಂದೆ ಹೋಗಲೇ?

ಕೊಲಂಬಸ್ ಕನ್ನಡಿಗ

ತಂಗೀ, ಅದನ್ನು ಒತ್ತಬೇಡಿ. ದಯವಿಟ್ಟು ಇದನ್ನು ಪೂರ್ತಿ ಓದಿದ ಮೇಲೆಯೇ ಅರ್ಜಿಗೆ ಕೈ ಹಾಕಿ.

ಅರ್ಜಿಯಲ್ಲಿ ಒಂದೇ ತರಹ ಕಾಣುವ ಎರಡು ಪ್ರಶ್ನೆಗಳಿವೆ, ಅವುಗಳ ಫಲ ಮಾತ್ರ ಅಜಗಜಾಂತರ. ನೀವು ನೋಡಿದ್ದು ತಂದೆತಾಯಿ ಸುಮ್ಮನೆ ಸಹಕರಿಸದ ವಿದ್ಯಾರ್ಥಿಗಳಿಗಾಗಿ ಇರುವಂಥದ್ದು. ಅದನ್ನು ಒಪ್ಪಿದರೆ ನಿಮ್ಮ ಪಾಲಿಗೆ ಉಳಿಯುವುದು ಅನ್‌ಸಬ್ಸಿಡೈಸ್ಡ್ ಸಾಲವೊಂದೇ, ಅದಕ್ಕೆ ಓದುವಾಗಲೂ ಬಡ್ಡಿ ಬೆಳೆಯುತ್ತಿರುತ್ತದೆ. ಪೆಲ್ ಗ್ರಾಂಟ್ ಇಲ್ಲ, ಸಬ್ಸಿಡಿಯ ಸಾಲವಿಲ್ಲ. ಮೊತ್ತವೂ ಅವಲಂಬಿತ ವಿದ್ಯಾರ್ಥಿಯ ಮಿತಿಯಲ್ಲೇ, ಅಂದರೆ ಎರಡನೆಯ ವರ್ಷಕ್ಕೆ 6,500 ಡಾಲರ್.

ನಿಮಗಾಗಿ ಇರುವುದು ಅದಕ್ಕಿಂತ ಮೊದಲು ಬರುವ ‘ಅಸಾಧಾರಣ ಪರಿಸ್ಥಿತಿ’ಯ ಪ್ರಶ್ನೆ. ತಂದೆತಾಯಿಯನ್ನು ಸಂಪರ್ಕಿಸಲು ಆಗುತ್ತಿಲ್ಲವೇ, ಅಥವಾ ಸಂಪರ್ಕಿಸಿದರೆ ನಿಮಗೆ ಅಪಾಯವಿದೆಯೇ ಎಂದು ಅದು ಕೇಳುತ್ತದೆ. ಹಿಂಸೆಯಿಂದಾಗಿ ಮನೆ ಬಿಟ್ಟವರು, ತಂದೆತಾಯಿ ತೊರೆದವರು ಅಥವಾ ಅವರಿಂದ ದೂರವಾದವರು, ತಂದೆತಾಯಿ ಜೈಲಿನಲ್ಲಿರುವವರು, ಮಾನವ ಕಳ್ಳಸಾಗಣೆಗೆ ಸಿಕ್ಕವರು, ನಿರಾಶ್ರಿತರು ಇದರಡಿ ಬರುತ್ತಾರೆ. ಹೌದು ಎಂದರೆ ನಿಮ್ಮನ್ನು ತಾತ್ಕಾಲಿಕವಾಗಿ ಸ್ವತಂತ್ರ ವಿದ್ಯಾರ್ಥಿ ಎಂದು ಪರಿಗಣಿಸಿ, ತಂದೆತಾಯಿಯ ಭಾಗವನ್ನು ಕೇಳದೆ ಅರ್ಜಿಯನ್ನು ಸ್ವೀಕರಿಸುತ್ತಾರೆ. ಅಪ್ಪನಿಗೆ ಆಹ್ವಾನ ಹೋಗುವುದಿಲ್ಲ. 2020ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಒಪ್ಪಿದ ಫಾಫ್ಸಾ ಸರಳೀಕರಣ ಕಾಯ್ದೆಯಿಂದಾಗಿ 2024–25ರ ಅರ್ಜಿಯಿಂದ ಈ ಅನುಕೂಲ ಬಂದಿತು. ಅದಕ್ಕೆ ಮುಂಚೆ ನಿಮ್ಮಂಥವರ ಅರ್ಜಿ ಅರ್ಧದಲ್ಲೇ ನಿಂತು, ಎಷ್ಟು ನೆರವು ಸಿಗಬಹುದೆಂಬ ಅಂದಾಜು ಕೂಡ ಸಿಗದೆ, ಕಾಲೇಜಿನ ಬಾಗಿಲಲ್ಲಿ ಕಾಯಬೇಕಾಗಿತ್ತು.

ತಾತ್ಕಾಲಿಕವಾದದ್ದನ್ನು ಕಾಯಂ ಮಾಡುವ ಅಧಿಕಾರ ನಿಮ್ಮ ಕಾಲೇಜಿನ ಫೈನಾನ್ಶಿಯಲ್ ಏಡ್ ಅಧಿಕಾರಿಗಿದೆ. ಇದನ್ನು ಡಿಪೆಂಡೆನ್ಸಿ ಓವರ್‌ರೈಡ್ ಎನ್ನುತ್ತಾರೆ. ಅರ್ಜಿ ಕಳುಹಿಸಿದ ಕೂಡಲೇ ನೀವೇ ಕಚೇರಿಗೆ ಹೋಗಿ ಅಥವಾ ಬರೆದು ಇದನ್ನು ಕೇಳಬೇಕು, ಅವರಾಗಿಯೇ ಕರೆಯಲೆಂದು ಕಾಯಬೇಡಿ. ಯಾವ ದಾಖಲೆ ಬೇಕೆಂದು ಅವರು ಹೇಳುತ್ತಾರೆ. ಅಧಿಕಾರಿಯೊಂದಿಗೆ ನಡೆದ ಸಂದರ್ಶನವನ್ನೇ ದಾಖಲೆಯಾಗಿ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಕೋರ್ಟಿನ ಆದೇಶ, ವಕೀಲರ ಪತ್ರ, ತಂದೆತಾಯಿಯಿಂದ ಬೇರೆಯಾಗಿರುವುದನ್ನು ತೋರಿಸುವ ಯುಟಿಲಿಟಿ ಬಿಲ್ಲು ಮತ್ತು ಹೆಲ್ತ್ ಇನ್ಶೂರೆನ್ಸ್ ಕಾಗದಗಳನ್ನೂ ಕಾನೂನು ಹೆಸರಿಸುತ್ತದೆ. ನಿಮ್ಮ ಇನ್ಶೂರೆನ್ಸ್ ಕಾಗದ ಮತ್ತು ಹೊಸ ಫೋನ್ ಬಿಲ್ಲನ್ನು ಇವತ್ತೇ ಒಂದು ಕಡೆ ತೆಗೆದಿಡಿ. ಹೈಸ್ಕೂಲಿನ ಕೌನ್ಸೆಲರ್, ಅಧ್ಯಾಪಕರು, ಡಾಕ್ಟರು, ನಿಮಗೆ ಆಸರೆ ಕೊಟ್ಟ ಗೆಳತಿಯ ತಾಯಿ, ಇವರಲ್ಲಿ ವಿಷಯ ಬಲ್ಲವರು ತಮ್ಮ ಹೆಸರು ಹಾಕಿ ಬರೆದುಕೊಡುವ ಪತ್ರಕ್ಕೆ ತೂಕವಿದೆ. ಅಜ್ಜಿಯೊಂದಿಗೆ ಮಾತನಾಡುವುದರಿಂದ ನಿಮಗೆ ಏನೂ ತೊಂದರೆಯಿಲ್ಲ, ಪ್ರಶ್ನೆಯಿರುವುದು ತಂದೆತಾಯಿಯ ಬಗ್ಗೆ ಮಾತ್ರ.

ನಿಮ್ಮ ಪತ್ರದ ಬಗ್ಗೆ ಒಂದು ಮಾತು. ಅದು ಒಂದು ಪುಟ ಮೀರಬೇಕಾಗಿಲ್ಲ. ಯಾವ ತಿಂಗಳಿನಿಂದ ಮನೆಯಲ್ಲಿಲ್ಲ, ಏಕೆ ಬಿಟ್ಟಿರಿ, ಆಮೇಲೆ ತಂದೆತಾಯಿಯೊಂದಿಗೆ ಯಾವ ಸಂಪರ್ಕವಿದೆ ಅಥವಾ ಇಲ್ಲ, ಈಗ ಎಲ್ಲಿದ್ದೀರಿ, ಖರ್ಚು ಹೇಗೆ ನಡೆಯುತ್ತಿದೆ, ಇಷ್ಟಿದ್ದರೆ ಸಾಕು. ‘ಅಪ್ಪ ಫೀಸು ಕೊಡುವುದಿಲ್ಲ’ ಎಂಬ ವಾಕ್ಯವನ್ನು ಮುಂದಿಡಬೇಡಿ. ದುಡ್ಡು ಕೊಡಲು ನಿರಾಕರಿಸುವುದು, ಫಾಫ್ಸಾಗೆ ಮಾಹಿತಿ ಕೊಡದಿರುವುದು, ತೆರಿಗೆಯಲ್ಲಿ ಹೆಸರು ತೋರಿಸದಿರುವುದು, ವಿದ್ಯಾರ್ಥಿ ತಾನೇ ದುಡಿದು ಬದುಕುತ್ತಿರುವುದು, ಈ ನಾಲ್ಕರಲ್ಲಿ ಯಾವುದೂ, ಎಲ್ಲವೂ ಸೇರಿದರೂ, ಅಸಾಧಾರಣ ಪರಿಸ್ಥಿತಿಯಾಗುವುದಿಲ್ಲ. ಆ ಮನೆಗೆ ನೀವು ಹೋಗಲಾಗದ, ಅವರನ್ನು ಸುರಕ್ಷಿತವಾಗಿ ಸಂಪರ್ಕಿಸಲಾಗದ ಸ್ಥಿತಿಯೇ ನಿಮ್ಮ ಅರ್ಜಿಯ ಆಧಾರ. ಅದನ್ನು ಇದ್ದದ್ದು ಇದ್ದಂತೆ ಬರೆಯಿರಿ.

ಸನಿವೇಲ್ ಅಪ್ಪ

ಹೇಮಾವತಿಯವರೇ, ಹಿರಿಯನಾಗಿ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಂದೆತಾಯಿಯ ಕೋಪ ಎಷ್ಟು ದಿನ ಇದ್ದೀತು? ನಮ್ಮ ಕನ್ನಡ ಕೂಟದ ಹಿರಿಯರ ಮೂಲಕ ಒಮ್ಮೆ ಮಾತನಾಡಿಸಿ ನೋಡಬಾರದೇ? ಸರ್ಕಾರದ ಕಾಗದದಲ್ಲಿ ಒಮ್ಮೆ ಹೀಗೆ ಬರೆದುಬಿಟ್ಟರೆ ಮುಂದೆ ರಾಜಿಯಾಗುವುದು ಕಷ್ಟವಾದೀತು.

ಇನ್ನೊಂದು ಮಾತು ಎಲ್ಲರಿಗೂ. 18ಕ್ಕೆ ಮತ ಹಾಕಬಹುದು, ಸೈನ್ಯ ಸೇರಬಹುದು, ಸಾಲದ ಕಾಗದಕ್ಕೆ ಸಹಿ ಹಾಕಬಹುದು. ಆದರೆ ನೆರವು ಕೇಳುವಾಗ ಮಾತ್ರ 24ರವರೆಗೆ ಅಪ್ಪನ ಸಂಬಳ ನೋಡುತ್ತಾರೆ. ಇದು ಯಾವ ನ್ಯಾಯ?

ಎಡಿಸನ್ ದೊಡ್ಡಮ್ಮ

ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಕೈ ಮಾಡಿದ್ದು ಮೊದಲ ಸಲವಲ್ಲ ಎಂದು ಆ ಹುಡುಗಿ ಬರೆದಿದ್ದಾಳೆ. ಹಾಗೆ ಹೇಳಿದ ಮಗುವಿಗೆ ಮೊದಲು ಮನೆಗೆ ಹೋಗು ಎಂದು ಹೇಳುವುದು ನಮ್ಮ ಹಿರಿತನಕ್ಕೆ ಒಪ್ಪುವುದಿಲ್ಲ. ರಾಜಿ ಆಗುವುದಿದ್ದರೆ ಅವಳಿಗೆ ಧೈರ್ಯ ಬಂದಾಗ, ಅವಳ ಇಚ್ಛೆಯಿಂದ ಆಗಲಿ. ಕಾಲೇಜಿನ ಕೊನೆಯ ದಿನಾಂಕಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಅವಳು ನನ್ನ ಊರಿನ ಹತ್ತಿರದಲ್ಲಿದ್ದರೆ ನಮ್ಮ ಮನೆಯ ಬಾಗಿಲು ತೆರೆದಿದೆ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಕೊಲಂಬಸ್ ಕನ್ನಡಿಗ

ಅಕ್ಕ ಹೇಳಿದ್ದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ಕಾಲೇಜಿನ ಕಚೇರಿಯಲ್ಲಿ ಕೊಡುವ ಈ ಕಾಗದ ಪೊಲೀಸ್ ದೂರೂ ಅಲ್ಲ, ಕೋರ್ಟಿನ ದಾವೆಯೂ ಅಲ್ಲ. ಮುಂದೆ ಸಂಬಂಧ ಸರಿಹೋದರೆ ಆಗ ಕಾಲೇಜಿಗೆ ತಿಳಿಸಿದರಾಯಿತು, ರಾಜಿಗೆ ಅದರಿಂದ ಅಡ್ಡಿಯಿಲ್ಲ.

24ರ ಬಗ್ಗೆ. ಮಕ್ಕಳ ಪದವಿ ಓದಿನ ಮೊದಲ ಹೊಣೆ ಕುಟುಂಬದ್ದು, ಕುಟುಂಬದ ಕೈಗೆಟುಕದಷ್ಟನ್ನು ಮಾತ್ರ ಸರ್ಕಾರ ತುಂಬಬೇಕು ಎಂಬ ತತ್ತ್ವದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. 18 ತುಂಬಿದವರೆಲ್ಲ ಸ್ವತಂತ್ರರೆಂದರೆ ಪದವಿಗೆ ಸೇರುವ ಬಹುತೇಕ ಎಲ್ಲರೂ ಆದಾಯವಿಲ್ಲದವರೇ ಆಗಿ, ಬಡವರ ಮನೆಯ ಮಕ್ಕಳಿಗೂ ಉಳ್ಳವರ ಮನೆಯ ಮಕ್ಕಳಿಗೂ ಕಾಗದದ ಮೇಲೆ ವ್ಯತ್ಯಾಸವೇ ಉಳಿಯುವುದಿಲ್ಲ. ಆ ತರ್ಕ ನನಗೆ ಒಪ್ಪಿಗೆಯೇ. ನನ್ನ ಅಸಮಾಧಾನ ಬೇರೆಡೆ ಇದೆ. ತಂದೆತಾಯಿಗೆ ಶಕ್ತಿಯಿದ್ದೂ ಕೊಡದಿದ್ದಾಗ ಕೊಡಿರೆಂದು ಅವರನ್ನು ಒತ್ತಾಯಿಸುವ ಅಧಿಕಾರ ಸರ್ಕಾರ ಇಟ್ಟುಕೊಂಡಿಲ್ಲ. ಅವರು ಕೊಡುತ್ತಾರೆಂದು ಲೆಕ್ಕ ಹಾಕುತ್ತದೆ, ಕೊಡದಿದ್ದರೆ ಆ ಕೊರತೆ ಹುಡುಗನ ತಲೆಯ ಮೇಲೆ ಬೀಳುತ್ತದೆ. ‘ನಾನು ಹೇಳಿದ ಕೋರ್ಸು ಓದಿದರೆ ಮಾತ್ರ ಸಹಿ ಹಾಕುತ್ತೇನೆ’ ಎನ್ನುವ ತಂದೆಗಳು ನಮ್ಮ ಸಮುದಾಯದಲ್ಲೂ ಇದ್ದಾರೆ. ಅಂಥ ಮಗುವಿಗೆ ಹೇಮಾವತಿಯವರ ದಾರಿ ತೆರೆಯುವುದಿಲ್ಲ, ಸಾಲವೊಂದೇ ಗತಿ. ಇದನ್ನು ಓದುತ್ತಿರುವ ತಂದೆತಾಯಿಗಳಲ್ಲಿ ನನ್ನ ಕಳಕಳಿಯ ವಿನಂತಿ: ಫಾಫ್ಸಾಗೆ ಮಾಹಿತಿ ಕೊಟ್ಟು ಒಪ್ಪಿಗೆ ನೀಡಿದ ಮಾತ್ರಕ್ಕೆ ನೀವು ಒಂದು ಡಾಲರನ್ನೂ ಕೊಡಬೇಕಾದ ಬಾಧ್ಯತೆ ಬರುವುದಿಲ್ಲ, ಮಗುವಿನ ಸಾಲಕ್ಕೆ ಜಾಮೀನೂ ಆಗುವುದಿಲ್ಲ. ಕೋಪವಿದ್ದರೂ ಅಷ್ಟು ಮಾಡಿಕೊಡಿ.

ಪಿಟ್ಸ್‌ಬರ್ಗ್ ವಿದ್ಯಾರ್ಥಿನಿ

ಎರಡು ವಿಷಯ ಸೇರಿಸುತ್ತೇನೆ. ನಾನು ಓದುವುದು ಖಾಸಗಿ ಕಾಲೇಜಿನಲ್ಲಿ, ಇಲ್ಲಿ ಫಾಫ್ಸಾ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಮತ್ತೊಂದು ಅರ್ಜಿ ಬೇಕು. ಅದರ ಮೇಲೆ ಕಾಲೇಜು ತನ್ನ ಸ್ವಂತ ಹಣ ಹಂಚುವುದರಿಂದ ನಿಯಮವೂ ಅದರದ್ದೇ. ಫಾಫ್ಸಾದಲ್ಲಿ ಸ್ವತಂತ್ರರಾದವರಿಂದಲೂ ತಂದೆತಾಯಿಯ ವಿವರ ಕೇಳುವ ಕಾಲೇಜುಗಳಿವೆ. ಮೆಡಿಕಲ್ ಓದುವವರಿಗೆ ಮೀಸಲಾದ ಕೆಲವು ಫೆಡರಲ್ ಸಾಲಗಳಲ್ಲೂ ಹಾಗೆಯೇ.

ಇನ್ನು ತಂದೆತಾಯಿ ವಿಚ್ಛೇದನ ಪಡೆದಿದ್ದರೆ ಫಾಫ್ಸಾಗೆ ಒಬ್ಬರ ಮಾಹಿತಿ ಸಾಕು. ಯಾರ ಮನೆಯಲ್ಲಿ ಹೆಚ್ಚು ದಿನ ಇದ್ದೆವೆಂದು ಮೊದಲು ನೋಡುತ್ತಿದ್ದರು. 2024–25ರಿಂದ, ಕಳೆದ 12 ತಿಂಗಳಲ್ಲಿ ಹೆಚ್ಚು ಹಣದ ಆಸರೆ ಕೊಟ್ಟವರು ಯಾರೆಂದು ನೋಡುತ್ತಾರೆ. ಅವರು ಮರುಮದುವೆಯಾಗಿದ್ದರೆ ಅವರ ಸಂಗಾತಿಯ ಆದಾಯವೂ ಸೇರುತ್ತದೆ.

ಸನಿವೇಲ್ ಅಪ್ಪ

ನಮ್ಮ ಮಗ ಎಚ್-4 ವೀಸಾದಲ್ಲಿದ್ದಾನೆ, ಅಂದರೆ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ. ಅವನಿಗೂ ಈ ಯಾವುದಾದರೂ ಅನ್ವಯಿಸುತ್ತದೆಯೇ? ನನ್ನ ಕಂಪನಿಯಲ್ಲಿ ಲೇಆಫ್ ಮಾತು ನಡೆಯುತ್ತಿರುವುದರಿಂದ ಕೇಳುತ್ತಿದ್ದೇನೆ. ಮಗಳು ಇಲ್ಲಿಯೇ ಹುಟ್ಟಿದವಳು, ಅವಳು ಈಗಾಗಲೇ ಕಾಲೇಜಿನಲ್ಲಿದ್ದಾಳೆ.

ಕೊಲಂಬಸ್ ಕನ್ನಡಿಗ

ಎಚ್-4ನಲ್ಲಿರುವವರಿಗೆ ಫೆಡರಲ್ ನೆರವಿಲ್ಲ, ಸ್ವತಂತ್ರರೋ ಅವಲಂಬಿತರೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ದಿನದಿಂದ ಅವನು ಅರ್ಹ. ಅಲ್ಲಿಯವರೆಗೆ ಕಾಲೇಜುಗಳ ಸ್ವಂತ ಸ್ಕಾಲರ್‌ಶಿಪ್ಪುಗಳನ್ನೇ ನೋಡಬೇಕು. ಮಗಳ ವಿಷಯದಲ್ಲಿ ತಂದೆತಾಯಿಯ ವೀಸಾ ಯಾವುದೆಂಬುದು ಅಡ್ಡಿಯಲ್ಲ.

ಲೇಆಫ್ ಆದರೆ ಮಗಳನ್ನು ಸ್ವತಂತ್ರಳನ್ನಾಗಿ ಮಾಡುವ ಯೋಚನೆಯನ್ನೇ ಮಾಡಬೇಡಿ, ಅದಕ್ಕೆ ಬೇರೆ ದಾರಿಯಿದೆ. 2026–27ರ ಅರ್ಜಿ 2024ರ ಆದಾಯವನ್ನು ನೋಡುತ್ತದೆ. ಈಗ ಆದಾಯ ಕುಸಿದಿದ್ದರೆ ಕಾಲೇಜಿನ ಕಚೇರಿಗೆ ಟರ್ಮಿನೇಷನ್ ಪತ್ರ ಕೊಟ್ಟು ಮರುಪರಿಶೀಲನೆ ಕೇಳಬಹುದು, ಅವರು ಹೊಸ ಆದಾಯದ ಮೇಲೆ ಲೆಕ್ಕ ಹಾಕಬಲ್ಲರು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ. ಮಗಳ ಓದಿಗೆ ಪೇರೆಂಟ್ ಪ್ಲಸ್ ಸಾಲವನ್ನು, ಅಂದರೆ ತಂದೆತಾಯಿ ತಮ್ಮ ಹೆಸರಿನಲ್ಲಿ ಪಡೆಯುವ ಫೆಡರಲ್ ಸಾಲವನ್ನು, ನಂಬಿಕೊಂಡಿದ್ದರೆ ಇನ್ನೊಂದು ಬದಲಾವಣೆಯನ್ನೂ ಗಮನಿಸಿ: 2026ರ ಜುಲೈ 1ರಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ಅದು ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿಗೆ ಒಳಪಟ್ಟಿದೆ. ಆ ಸಾಲವನ್ನು ತಂದೆತಾಯಿಗೆ ನಿರಾಕರಿಸಿದರೆ, ವಿದ್ಯಾರ್ಥಿ ಅವಲಂಬಿತಳಾಗಿದ್ದರೂ ಸ್ವತಂತ್ರ ವಿದ್ಯಾರ್ಥಿಯ ಮಿತಿಯವರೆಗೆ ತಾನೇ ಸಾಲ ಪಡೆಯಬಹುದು. ಮೊದಲ ವರ್ಷಕ್ಕೆ ಆ ಮಿತಿ 5,500ರ ಬದಲು 9,500 ಡಾಲರ್.

ಎಡಿಸನ್ ದೊಡ್ಡಮ್ಮ

ಗಾರ್ಡಿಯನ್‌ಶಿಪ್ ವಿಚಾರವನ್ನು ಕೈಬಿಟ್ಟಿದ್ದೇವೆ. ತಂಗಿಯೊಂದಿಗೆ ಮಾತನಾಡಿದೆ, ಅವಳೂ ಒಪ್ಪಿದ್ದಾಳೆ. ಈಗ ಕೆಲಸದ ಪ್ರಶ್ನೆಗಳು. ತಂಗಿಯ ಯಜಮಾನರಿಗೆ ಇಲ್ಲಿ ಕೆಲಸ ಮಾಡಿದ್ದರಿಂದ ಹಳೆಯ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದೆ, ತಂಗಿಗೆ ಇಲ್ಲ. ಅವರಿಬ್ಬರೂ ಅಮೆರಿಕಕ್ಕೆ ತೆರಿಗೆ ಸಲ್ಲಿಸುವುದಿಲ್ಲ. ಇರುವ ಮನೆ ಸ್ವಂತದ್ದು, ಊರಾಚೆ ಒಂದು ಸೈಟು ಇದೆ, ಹುಣಸೂರಿನ ಕಡೆ ಅವರ ತಂದೆಯಿಂದ ಬಂದ ಒಂದಿಷ್ಟು ಜಮೀನಿದೆ. ಇದನ್ನೆಲ್ಲ ಬರೆಯಬೇಕೇ?

ಕೊಲಂಬಸ್ ಕನ್ನಡಿಗ

ಇಬ್ಬರೂ ಸ್ಟೂಡೆಂಟ್‌ಏಡ್ ಜಾಲತಾಣದಲ್ಲಿ ಪ್ರತ್ಯೇಕ ಖಾತೆ ತೆರೆಯಬೇಕು, ನಂಬರ್ ಇಲ್ಲದವರಿಗೂ ಖಾತೆ ತೆರೆಯಲು ಅವಕಾಶವಿದೆ. ಹೆಸರನ್ನು ಹುಡುಗ ಆಹ್ವಾನದಲ್ಲಿ ಹೇಗೆ ಬರೆಯುತ್ತಾನೋ ಖಾತೆಯಲ್ಲೂ ಅಕ್ಷರಕ್ಷರ ಹಾಗೆಯೇ ಇರಬೇಕು. ನಮ್ಮವರ ಇನಿಷಿಯಲ್ಲುಗಳಿಂದಾಗಿ ಎಡವಟ್ಟಾಗುವುದು ಇಲ್ಲಿಯೇ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಇಮೇಲಿನಲ್ಲಿ ಒಂದಕ್ಷರವಿರುತ್ತದೆ, ಎರಡೂ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡೇ ತುಂಬಲಿ.

ವಿದೇಶದಲ್ಲಿ ದುಡಿದು ಅಮೆರಿಕಕ್ಕೆ ತೆರಿಗೆ ಸಲ್ಲಿಸದವರೆಂಬ ಉತ್ತರವನ್ನು ಆರಿಸಿಕೊಂಡು 2024ರ ಆದಾಯವನ್ನು ಕೈಯಾರೆ ತುಂಬಬೇಕು. ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ರೂಪಾಯಿಯನ್ನು ಡಾಲರಿಗೆ ಪರಿವರ್ತಿಸಬೇಕು, ಆ ದಿನದ ದರದ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಫಾರ್ಮ್ 16 ಮತ್ತು ಐಟಿಆರ್ ಪ್ರತಿಗಳೂ ಸಿದ್ಧವಿರಲಿ. ಅಲ್ಲಿಯ ಹಣಕಾಸು ವರ್ಷ ಏಪ್ರಿಲಿನಿಂದ ಶುರುವಾಗುವುದರಿಂದ ಸಂಬಳದ ಚೀಟಿಗಳನ್ನೂ ಕೂಡಿಸಿಟ್ಟರೆ ಕಾಲೇಜು ಕೇಳಿದಾಗ ವಿವರಿಸುವುದು ಸುಲಭ.

ವಾಸದ ಮನೆಯನ್ನು ಆಸ್ತಿಯೆಂದು ಬರೆಯಬೇಕಾಗಿಲ್ಲ, ಪ್ರಾವಿಡೆಂಟ್ ಫಂಡಿನಂಥ ನಿವೃತ್ತಿಯ ಉಳಿತಾಯವನ್ನೂ ಬರೆಯಬೇಕಾಗಿಲ್ಲ. ಸೈಟನ್ನು ಬರೆಯಲೇಬೇಕು, ಇಂದಿನ ಬೆಲೆಯಲ್ಲಿ ಅದರ ಮೇಲಿನ ಸಾಲವನ್ನು ಕಳೆದು. ಕುಟುಂಬದ ಜಮೀನಿಗೆ 2026–27ರಿಂದ ಮತ್ತೆ ವಿನಾಯಿತಿ ಬಂದಿದೆ, ಆದರೆ ಕುಟುಂಬ ವಾಸವಿರುವ ಜಮೀನಿಗೆ ಮಾತ್ರ. ಅವರು ಮೈಸೂರಿನಲ್ಲಿದ್ದು ಜಮೀನು ಹುಣಸೂರಿನಲ್ಲಿರುವುದರಿಂದ ವಿನಾಯಿತಿ ಸಿಗುವುದೆಂದು ಎಣಿಸದೆ ಕಾಲೇಜಿನ ಕಚೇರಿಯನ್ನು ಮೊದಲೇ ಕೇಳಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಅದು ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪಹಣಿಯ ಪ್ರತಿ ತೋರಿಸಿ ಕೇಳುವುದು ಒಳ್ಳೆಯದು.

ಕೊನೆಯದಾಗಿ, ಇನ್-ಸ್ಟೇಟ್ ಫೀಸಿನ, ಅಂದರೆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಫೀಸಿನ, ಪ್ರಶ್ನೆ ಇದರಿಂದ ಬೇರೆ. ಅವಲಂಬಿತ ವಿದ್ಯಾರ್ಥಿಯ ವಾಸಸ್ಥಳವನ್ನು ತಂದೆತಾಯಿ ಇರುವ ಕಡೆಯದ್ದೆಂದೇ ಅನೇಕ ರಾಜ್ಯಗಳು ಮೊದಲಿಗೆ ಹಿಡಿಯುತ್ತವೆ. ಫೀಸಿನಲ್ಲಿ ಬರುವ ವ್ಯತ್ಯಾಸ ಪೆಲ್ ಗ್ರಾಂಟಿಗಿಂತ ದೊಡ್ಡದಾಗಿರಬಹುದು. ಅದಕ್ಕೆ ಕಾಲೇಜಿನ ರೆಸಿಡೆನ್ಸಿ ವಿಭಾಗಕ್ಕೆ ಇದೇ ವಾರ ಬರೆಯಿರಿ, ಹುಡುಗ ನಿಮ್ಮ ಮನೆಗೆ ಬಂದ ದಿನಾಂಕ, ಇಲ್ಲಿಯ ಕೆಲಸದ ತೆರಿಗೆ ಕಾಗದ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಇವನ್ನೆಲ್ಲ ತಿಳಿಸಿ ಏನು ಬೇಕೆಂದು ಕೇಳಿ.

ಹೇಮಾವತಿ

ಅಣ್ಣಾ, ಅಸಾಧಾರಣ ಪರಿಸ್ಥಿತಿಯ ಪ್ರಶ್ನೆಗೆ ಹೌದು ಎಂದು ಉತ್ತರಿಸಿ ಅರ್ಜಿ ಕಳುಹಿಸಿದೆ. ಅಪ್ಪನ ಇಮೇಲ್ ಕೇಳಲೇ ಇಲ್ಲ. ಕಾಲೇಜಿನವರು ಸಂದರ್ಶನಕ್ಕೆ ದಿನ ಕೊಟ್ಟಿದ್ದಾರೆ, ಹೈಸ್ಕೂಲಿನ ಕೌನ್ಸೆಲರ್ ಮೇಡಂ ಪತ್ರ ಬರೆದುಕೊಡಲು ಒಪ್ಪಿದ್ದಾರೆ. ದೊಡ್ಡಮ್ಮ, ನಿಮ್ಮ ಮಾತಿಗೆ ನಾನು ಎಂದೆಂದಿಗೂ ಋಣಿ. ಇನ್ನೊಂದೇ ಪ್ರಶ್ನೆ: ಮುಂದಿನ ವರ್ಷ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗಬೇಕೆಂದಿದ್ದೇನೆ. ಈ ಕಥೆಯನ್ನು ಪ್ರತಿ ವರ್ಷವೂ ಹೊಸಬರ ಮುಂದೆ ಹೇಳಬೇಕೇ?

ಕೊಲಂಬಸ್ ಕನ್ನಡಿಗ

ಅದೇ ಕಾಲೇಜಿನಲ್ಲಿ ಮುಂದುವರಿದರೆ ಹೇಳಬೇಕಾಗಿಲ್ಲ. ಒಮ್ಮೆ ಓವರ್‌ರೈಡ್ ಕೊಟ್ಟ ಕಾಲೇಜು, ಪರಿಸ್ಥಿತಿ ಬದಲಾಗಿದೆ ಎಂದು ನೀವೇ ತಿಳಿಸದ ಹೊರತು ಅಥವಾ ಅದಕ್ಕೆ ವಿರುದ್ಧವಾದ ಮಾಹಿತಿ ಅವರ ಕೈಗೆ ಬಾರದ ಹೊರತು, ಮುಂದಿನ ವರ್ಷಗಳಲ್ಲೂ ನಿಮ್ಮನ್ನು ಸ್ವತಂತ್ರ ವಿದ್ಯಾರ್ಥಿ ಎಂದೇ ಹಿಡಿಯಬೇಕು. ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ನಿರ್ಧಾರ ಅಲ್ಲಿಯವರದ್ದು. ಆದರೆ ಹಿಂದಿನ ಕಾಲೇಜಿನ ಅಧಿಕಾರಿ ದಾಖಲಿಸಿದ ನಿರ್ಧಾರವನ್ನೇ ಸಾಕ್ಷ್ಯವಾಗಿ ಒಪ್ಪಲು ಕಾನೂನು ಅವರಿಗೆ ಅವಕಾಶ ಕೊಡುತ್ತದೆ. ಆದ್ದರಿಂದ ಈಗಿನ ಕಾಲೇಜಿನಿಂದ ಒಪ್ಪಿಗೆಯ ಪತ್ರವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಕೌನ್ಸೆಲರ್ ಅವರ ಪತ್ರಕ್ಕೂ ಒಂದು ಪ್ರತಿ ನಿಮ್ಮಲ್ಲಿರಲಿ. ಹೊಸ ಕಡೆ ಪರಿಶೀಲನೆ ತಡವಾದರೆ, ಸೇರಿದ 60 ದಿನಗಳೊಳಗೆ ಮುಗಿಸಬೇಕೆಂಬ ನಿಯಮವಿದೆ ಎಂದು ವಿನಯದಿಂದ ನೆನಪಿಸಿ. ಸಂದರ್ಶನದಲ್ಲಿ ಏನಾದರೂ ತೊಡಕಾದರೆ ಇಲ್ಲಿಯೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.